ಸಾಯುವ ಮಾತಿಗೆ ಕಿವಿಗೊಡುವ ಬಗೆ

“ಸಾಕಾಗೇತಿ, ಜೀವ ಬ್ಯಾಸರ ಆಗೇತಿ.” ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮಳೆ ಕೈಕೊಟ್ಟಾಗ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಹೊರಡುವ ಮಾತು ಇದು. ಕೇಳಿದವರು “ಬಿಡು, ಹಂಗೆಲ್ಲ ಅನ್ನಬಾರ್ದು” ಎಂದು ಬಾಯಿ ಮುಚ್ಚಿಸುತ್ತಾರೆ. ಬಲ್ಲ ಆಪ್ತಸಮಾಲೋಚಕರು ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ.

ಹೀಗೆ ಕಿವಿಗೊಡುವುದರ ಹಿಂದಿರುವುದು ದ್ವಂದ್ವದ ತತ್ತ್ವ. ಬದುಕಲು ಈ ಬದುಕು ಯೋಗ್ಯವೇ ಎಂಬುದೇ ತತ್ತ್ವಶಾಸ್ತ್ರದ ಮೊದಲ ಪ್ರಶ್ನೆ ಎಂದು 1942ರಲ್ಲಿ ಫ್ರೆಂಚ್ ಲೇಖಕ ಆಲ್ಬೆರ್ ಕಮೂ ಬರೆದ. ಓದುವ ಕೋಣೆಯಲ್ಲಿ ಅದಕ್ಕೆ ಹೌದು ಅಥವಾ ಅಲ್ಲ ಎನ್ನಬಹುದು. ನೊಂದ ಮನಸ್ಸಿನಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಷ್ನೈಡ್‌ಮನ್ ಒತ್ತಿ ಹೇಳಿದ್ದು ಇದನ್ನೇ: ಮುಗಿಯಬೇಕೆಂದು ನೊಂದವರು ಬಯಸುವುದು ತಡೆಯಲಾಗದ ನೋವು. ಸಾಯಬೇಕು ಎನ್ನುವವರೊಳಗೇ ಯಾರಾದರೂ ಉಳಿಸಲಿ ಎಂಬ ಆಸೆಯೂ ಇರುತ್ತದೆ. ಎರಡರಲ್ಲಿ ಯಾವುದೂ ನಾಟಕವಲ್ಲ.

ಹಾಗಾಗಿ ವಾದಕ್ಕಿಳಿದರೆ ಕೆಟ್ಟಿತು. “ಮಕ್ಕಳ ಮುಖ ನೋಡು” ಎಂದು ನಾವು ಬದುಕಿನ ಪರ ವಕಾಲತ್ತು ವಹಿಸಿದರೆ, ಸಾವಿನ ಪರ ಮಾತಾಡುವ ಕೆಲಸವಷ್ಟೇ ಅವರಿಗೆ ಉಳಿಯುತ್ತದೆ. ಮೇಲೆ ಅಪರಾಧಿ ಭಾವ ಬೇರೆ. ಅದರ ಬದಲು ನೇರವಾಗಿ, ಗಾಬರಿಯಿಲ್ಲದೆ ಕೇಳಬೇಕು: “ಅಣ್ಣಾ, ಸಾಯಬೇಕು ಅನ್ನೋ ಯೋಚ್ನೆ ಬರ್ತೈತಾ? ಯಾವಾಗಿಂದ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ನಮ್ಮಲ್ಲಿದೆ. ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಎಷ್ಟೋ ಜನಕ್ಕೆ ಹೇಳಿಕೊಂಡ ಮೇಲೆ ಎದೆ ಹಗುರಾಗುತ್ತದೆ. ಆಮೇಲಿನ ಪ್ರಶ್ನೆ: “ಇಲ್ಲೀವರ್ಗೂ ನಿನ್ನ ಹಿಡಿದು ನಿಲ್ಲಿಸಿದ್ದು ಏನಣ್ಣಾ?” ಮಗಳ ಓದೋ, ಕಟ್ಟಿದ ಎಮ್ಮೆಯೋ, ಉತ್ತರ ಅವರ ಬಾಯಿಂದಲೇ ಬರಬೇಕು. ಯೋಚನೆ ಗಟ್ಟಿಯಾಗಿ ಕಂಡರೆ ಅವರನ್ನು ಒಂಟಿಯಾಗಿ ಬಿಡದೆ, ಬೆಳೆಗೆ ಹೊಡೆಯುವ ಔಷಧಿಯನ್ನು ಬೇರೆಯವರ ಸುಪರ್ದಿಗೆ ಕೊಡಿಸಿ, ವೈದ್ಯರ ಬಳಿ ಕರೆದೊಯ್ಯಬೇಕು. ಗುಟ್ಟು ಕಾಯುವ ಭರವಸೆಗೂ ಅಲ್ಲಿ ಮಿತಿಯಿದೆ. ಅದನ್ನು ಮೊದಲೇ ಹೇಳಿರಬೇಕು.

ಈ ಸೀಮೆಗೆ ಮನಸ್ಸಿನ ಆರೈಕೆ ತೀರಾ ಹೊಸದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಆರೈಕೆ ಕಲಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ; ಮೊದಲು ಹೆಸರಿಸಿದ ಐದೂ ಊರು ಆಗ ಅದೇ ಜಿಲ್ಲೆಯವು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದವರು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಹಾಗಾಗಿ ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.