ಕ್ಷಮಿಸುವ ಕಬ್ಬಿಣ

ಕಳೆದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಅಟ್ಟದಿಂದ ಒಂದು ಹಳೆಯ ಗಾಲ್ಫ್ ಚೀಲ ಇಳಿಸಿ ಜಗಲಿಯ ಮೇಲೆ ಇಟ್ಟ. ಮೊಬೈಲಿನಲ್ಲಿ ಇನ್ನೊಂದು ಸೆಟ್ಟಿನ ಫೋಟೊ ತೆಗೆದು ಚೀಲದ ಪಕ್ಕಕ್ಕೆ ಹಿಡಿದ. "ಅಣ್ಣ, ಸರಿ ಯಾವ್ದು ತಪ್ಪು ಯಾವ್ದು ಅಂತಾನೇ ನೀನು ನಾಕು ವರ್ಷದಿಂದ ಓದ್ತಾ ಇದೀಯ. ಇವೆರಡ್ರಲ್ಲಿ ಯಾವ್ದು ಸರಿ, ಹೇಳು ನೋಡಣ" ಅಂದ. ನೀತಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನಿಗೆ ಮನೆಯಲ್ಲಿ ಇಂಥ ಗೌರವ ಸಿಗುವುದು ಅಪರೂಪ. ನನಗೆ ಗಾಲ್ಫ್ ಆಡಲು ಬರುವುದಿಲ್ಲ. ಆದರೂ ಆ ಪ್ರಶ್ನೆ ಬೆಂಗಳೂರಿನವರೆಗೂ ನನ್ನ ಜೊತೆ ಬಸ್ಸು ಹತ್ತಿ ಬಂತು.

ಅವನಿಗೆ ಹತ್ತೊಂಬತ್ತು. ದೇವನಹಳ್ಳಿ ಸೀಮೆಯ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ರಾಗಿ ಹೊಲ, ದ್ರಾಕ್ಷಿ ತೋಟಗಳು ಏನೇನಾದವು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅಪ್ಪಂದಿರು ಬೋರ್‌ವೆಲ್ಲಿನ ಜೊತೆ ಜಗಳವಾಡಿದ ಜಾಗದ ಆಸುಪಾಸಿನಲ್ಲಿ ಮಕ್ಕಳು ಬೇರೆಯವರ ಚೀಲ ಹೊತ್ತು ಹಸಿರು ಹುಲ್ಲಿನ ಮೇಲೆ ನಡೆಯುತ್ತಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಹಲವು ಕ್ಲಬ್ಬುಗಳಲ್ಲಿರುವ ವಾಡಿಕೆಯಂತೆ ಸೋಮವಾರ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ಇವನು ಹಾಗೇ ಆಡಿ ಕಲಿತವನು. ಹಳೆಯ ಚೀಲ ಒಬ್ಬ ಮೆಂಬರ್ ಬಿಟ್ಟುಕೊಟ್ಟದ್ದು. ಫೋಟೊದಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್, 22,000 ರೂಪಾಯಿ. ಜೂನ್‌ನಲ್ಲಿ ಕ್ಯಾಡಿಗಳಿಗೆಂದೇ ಒಂದು ದಿನದ ಪಂದ್ಯವಿತ್ತು. ಅದರಲ್ಲಿ ಚೆನ್ನಾಗಿ ಆಡಿದ ಇಬ್ಬರಿಗೆ ವರ್ಷವಿಡೀ ಕೋಚ್ ಕೈಕೆಳಗೆ ಬಿಟ್ಟಿ ಅಭ್ಯಾಸ ಎಂದು ಮಾತಾಗಿತ್ತು. ಎಸ್. ಚಿಕ್ಕರಂಗಪ್ಪನವರ ಹೆಸರು ಈ ಹುಡುಗರ ಬಾಯಲ್ಲಿ ದಿನವೂ ಬರುತ್ತದೆ. ಅವರು ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದವರು. 2007ರಲ್ಲಿ ರಾಮನಗರ ಜಿಲ್ಲೆಯಾಗುವ ತನಕ ಬಿಡದಿಯೂ ನಮ್ಮ ಬೆಂಗಳೂರು ಗ್ರಾಮಾಂತರದಲ್ಲೇ ಇತ್ತು. ಹಾಗಾಗಿ ಆ ದಾರಿ ಈ ಹುಡುಗರಿಗೆ ದೂರದ್ದು ಅನ್ನಿಸುವುದಿಲ್ಲ.

ಚೀಲದಲ್ಲಿದ್ದವು ಬ್ಲೇಡ್ ಐರನ್‌ಗಳು. ಐರನ್ ಎಂದರೆ ಉದ್ದ ಹಿಡಿಕೆಯ ತುದಿಗೆ ಚಪ್ಪಟೆ ಲೋಹದ ತಲೆಯಿರುವ ಕೋಲು. ಬ್ಲೇಡಿನ ತಲೆ ಉಕ್ಕನ್ನು ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ ಒಂದೇ ತುಂಡು. ತೆಳುವಾಗಿ, ಚಿಕ್ಕದಾಗಿ, ನೋಡಲು ಬಲು ಚೆಂದ. ತೂಕವೆಲ್ಲ ಚೆಂಡು ತಾಗಬೇಕಾದ ನಡುಭಾಗದ ಹಿಂದೆಯೇ ಕೂಡಿಕೊಂಡಿರುತ್ತದೆ. ಅಲ್ಲಿಗೇ ಸರಿಯಾಗಿ ತಾಗಿದರೆ ಅದಕ್ಕಿಂತ ಸುಖವಿಲ್ಲ ಎನ್ನುತ್ತಾರೆ. ಅರ್ಧ ಇಂಚು ಆಚೀಚೆಯಾದರೆ ತಲೆ ಗಿರಕ್ಕನೆ ತಿರುಗಿ ಚೆಂಡು ದಿಕ್ಕು ತಪ್ಪುತ್ತದೆ, ದೂರವನ್ನೂ ಕಳೆದುಕೊಳ್ಳುತ್ತದೆ. "ಇದ್ರಾಗೆ ತಪ್ಪು ಒಡುದ್ರೆ ಮೊಣಕೈವರ್ಗೂ ಜುಮ್ ಅಂತದೆ ಅಣ್ಣ. ಬೆಳಿಗ್ಗೆ ಚಳೀಲಂತೂ ಕಣ್ಣಾಗೆ ನೀರು ಬತ್ತದೆ."

ಫೋಟೊದಲ್ಲಿದ್ದ ಇನ್ನೊಂದು ಬಗೆಗೆ ಕ್ಯಾವಿಟಿ ಬ್ಯಾಕ್ ಎನ್ನುತ್ತಾರೆ. ಇದರ ಬೆನ್ನನ್ನು ತೋಡಿ, ಅಲ್ಲಿ ಮಿಕ್ಕ ಲೋಹವನ್ನು ಅಂಚುಗಳಿಗೆ ಹಂಚಿರುತ್ತಾರೆ. ಹಗ್ಗದ ಮೇಲೆ ನಡೆಯುವವರು ಉದ್ದದ ಗಳ ಹಿಡಿದಿರುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ತೂಕ ನಡುವಿನಿಂದ ದೂರ ಸರಿದಷ್ಟೂ ತಿರುಗಿಸುವುದು ಕಷ್ಟ. ಹಾಗಾಗಿ ಚೆಂಡು ಅಂಚಿಗೆ ತಾಗಿದರೂ ತಲೆ ಅಷ್ಟಾಗಿ ತಿರುಗುವುದಿಲ್ಲ. ಚೆಂಡು ಹೆಚ್ಚುಕಡಿಮೆ ಹೋಗಬೇಕಾದಲ್ಲಿಗೇ ಹೋಗುತ್ತದೆ. ಇಂಥ ಕೋಲನ್ನು ಆಟದವರು 'ಕ್ಷಮಿಸುವ' ಕೋಲು ಎಂದು ಕರೆಯುತ್ತಾರೆ.

ಆ ಪದದ ಮೇಲೇ ನನ್ನ ಕಣ್ಣು ಬಿತ್ತು. ಕಬ್ಬಿಣ ಕ್ಷಮಿಸುವುದು ಹೇಗೆ? ಕ್ಷಮಿಸಬೇಕಾದರೆ ಮೊದಲು ತಪ್ಪು ಗೊತ್ತಾಗಬೇಕು, ನೋವಾಗಿರಬೇಕು, ಆಮೇಲೆ ಅದನ್ನು ಬಿಟ್ಟುಕೊಡಬೇಕು. ಈ ಕೋಲಿಗೆ ಅದು ಯಾವುದೂ ಇಲ್ಲ. ಅದು ತಪ್ಪಿನ ಪರಿಣಾಮವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಅದರ ಜೊತೆಗೇ ತಪ್ಪಿನ ಸುದ್ದಿಯನ್ನೂ ಮಂಕಾಗಿಸುತ್ತದೆ. ಬ್ಲೇಡ್ ಮೆಚ್ಚುವವರ ದೂರು ಇರುವುದು ಇಲ್ಲೇ: ಕೈಗೆ ಸುದ್ದಿಯೇ ಬಾರದಿದ್ದರೆ ಕಲಿಯುವುದು ಎಂತು? ಬ್ಲೇಡ್ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ ಅವರು. ಚೆಂಡನ್ನು ಬೇಕಾದಂತೆ ಎಡಕ್ಕೋ ಬಲಕ್ಕೋ ಬಾಗಿಸಿ ಕಳಿಸಲೂ ಅದೇ ಸಲೀಸು. ಟೈಗರ್ ವುಡ್ಸ್ ಗೆದ್ದದ್ದೆಲ್ಲ ಬ್ಲೇಡಿನಲ್ಲಿ ಎಂಬ ಮಾತೂ ಬರುತ್ತದೆ.

ನನ್ನ ಮೊದಲ ಒಲವು ಬ್ಲೇಡಿನ ಕಡೆಗೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಕಷ್ಟದ ದಾರಿ ಹಿಡಿದವರ ಬಗ್ಗೆ ನಮಗೊಂದು ಭಕ್ತಿಯಿದೆ. ಛಂದಸ್ಸಿಗೆ ಬರೆಯುವವರು, ತಂಬೂರಿಯನ್ನು ಕಿವಿಯಲ್ಲೇ ಶ್ರುತಿ ಮಾಡುವವರು, ಗೈಡುಗಳನ್ನು ಮುಟ್ಟದೆ ಮೂಲಗ್ರಂಥ ಓದುವವರು. ಸುಲಭದ ಸಾಧನ ಹಿಡಿದವರನ್ನು ಕಂಡರೆ ಒಳಗೊಂದು ಸಣ್ಣ ತಾತ್ಸಾರ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಆಟವೆಂದರೆ ಬೇಕಿಲ್ಲದ ಅಡ್ಡಿಯನ್ನು ತಾವಾಗಿ ಒಪ್ಪಿಕೊಂಡು ದಾಟಲು ನೋಡುವುದು ಎಂಬರ್ಥದ ವಾದ ಹೂಡುತ್ತಾನೆ. ಗುಂಡಿಗೆ ಚೆಂಡು ಹಾಕುವುದಷ್ಟೇ ಗುರಿಯಾದರೆ ಕೈಯಲ್ಲಿ ತೆಗೆದುಕೊಂಡು ಹೋಗಿ ಹಾಕಬಹುದಲ್ಲ. ಅಡ್ಡಿಯೇ ಆಟವಾದ ಮೇಲೆ ಹೆಚ್ಚು ಅಡ್ಡಿ ಹೆಚ್ಚು ಆಟವಲ್ಲವೇ? ಜಗಲಿಯ ಮೇಲೆ ಕೂತು ನಾನು ತಮ್ಮನಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡ.

ಆದರೆ ಸೂಟ್ಸ್‌ನ ಮಾತಿನಿಂದ ನಾನು ಎಳೆದ ತೀರ್ಮಾನ ಸರಿಯಲ್ಲ. ಎಲ್ಲರಿಗೂ ಒಂದೇ ಆಗಿರುವ ಅಡ್ಡಿಯನ್ನು ಕಟ್ಟುವುದು ನಿಯಮ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲು ಇರಬಾರದು ಎನ್ನುತ್ತದೆ. ಡ್ರೈವರ್ ಎಂಬ ದೊಡ್ಡ ಕೋಲಿನ ತಲೆ 460 ಘನ ಸೆಂಟಿಮೀಟರ್ ದಾಟಬಾರದು ಎನ್ನುತ್ತದೆ. ಐರನ್‌ಗಳಲ್ಲಿ ಎರಡೂ ಬಗೆಗೆ ಅದರ ಒಪ್ಪಿಗೆಯಿದೆ. ನಿಯಮ ಕೇಳದ ಕಷ್ಟವನ್ನು ನಾನು ಮೈಮೇಲೆ ಎಳೆದುಕೊಂಡರೆ ಅದು ನನ್ನ ಖುಷಿ. ಇನ್ನೊಬ್ಬರು ಎಳೆದುಕೊಳ್ಳದಿದ್ದರೆ ಅವರನ್ನು ಕೀಳಾಗಿ ನೋಡಲು ಅದೊಂದು ನೆಪವಾಗಲಾರದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದರು. ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಮರುಹಣಾಹಣಿಗೆ ಅವರೂ ಸೇರುತ್ತಿದ್ದರು. ದೂರಕ್ಕೆ ಹೊಡೆಯುವುದರಲ್ಲಿ ಹಿಂದಿದ್ದ ಅವರು, ಬೇರೆಯವರು ಐರನ್ ಹಿಡಿಯುವಲ್ಲಿ ಎಷ್ಟೋ ಸಲ ಹೈಬ್ರಿಡ್ ಹಿಡಿಯುತ್ತಿದ್ದರು. ಹೈಬ್ರಿಡ್ ಎಂದರೆ ಉದ್ದದ ಐರನ್‌ಗಳ ಬದಲಿಗೆ ಬಂದ, ಕ್ಷಮಿಸುವ ಜಾತಿಯ ಕೋಲು. ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದ ನಮ್ಮ ಮನೆಯಲ್ಲಂತೂ ಅದು ಸುಲಭದ ಕೋಲು ಎಂದು ಯಾರೂ ಮೂಗು ಮುರಿಯಲಿಲ್ಲ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಒಂದು ಸಣ್ಣ ಲೆಕ್ಕ. ಕೋಲೂ ಚೆಂಡೂ ಒಂದಕ್ಕೊಂದು ತಾಗಿರುವ ಹೊತ್ತು ಹೆಚ್ಚುಕಡಿಮೆ ಸೆಕೆಂಡಿನ 2,000ದಲ್ಲಿ ಒಂದು ಪಾಲು. ಕೈಗೆ ಜುಮ್ ಅನ್ನುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಅಂದರೆ ಬ್ಲೇಡ್ ಹೇಳುವ ಸತ್ಯ ಈ ಹೊಡೆತದ ಉಪಯೋಗಕ್ಕೆ ಬರುವುದೇ ಇಲ್ಲ. ಅದು ಮುಂದಿನ ಹೊಡೆತಕ್ಕೆ ಮಾತ್ರ. ಹಾಗಾದರೆ ಆ ಸತ್ಯದ ಬೆಲೆ ಎಷ್ಟು ಎಂಬುದು ಮುಂದಿನ ಹೊಡೆತಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ದಿನಕ್ಕೆ ಮುನ್ನೂರು ಚೆಂಡು ಹೊಡೆಯುವ ವೃತ್ತಿಪರರಿಗೆ ಕೈಯ ನೋವು ಪಾಠ. ತಮ್ಮನನ್ನು ಕೇಳಿದೆ, ವಾರಕ್ಕೆ ಎಷ್ಟು ಹೊಡೀತೀಯ? ಸೋಮವಾರ ಆಡಲು ಸಿಕ್ಕಿದರೆ, ಸಂಜೆ ಪಾಳು ಹೊಲದಲ್ಲಿ ಹೊಡೆದದ್ದನ್ನೂ ಸೇರಿಸಿದರೆ, ಅರವತ್ತೋ ಎಪ್ಪತ್ತೋ. ಜೂನ್‌ನ ಪಂದ್ಯದಲ್ಲಿ ಹೊಡೆದದ್ದನ್ನು ಮತ್ತೊಮ್ಮೆ ಹೊಡೆಯುವ ಹಾಗಿಲ್ಲ. ಅಲ್ಲಿ ಕೋಲು ಎಷ್ಟು ಪ್ರಾಮಾಣಿಕವಾಗಿ ತಪ್ಪು ತೋರಿಸಿದರೂ ಅದನ್ನು ತಿದ್ದಿಕೊಳ್ಳಲು ಇನ್ನೊಂದು ಜೂನ್ ಬರಬೇಕು.

ಕ್ಷಮಿಸುವ ಕೋಲನ್ನು ಹೆಸರುವಾಸಿ ಮಾಡಿದ ಕಾರ್ಸ್ಟನ್ ಸೋಲ್‌ಹೈಮ್ ಕೂಡ ಹೊತ್ತು ಕಡಿಮೆಯಿದ್ದವನೇ. ನಾರ್ವೆಯಲ್ಲಿ ಹುಟ್ಟಿ, ಅಮೆರಿಕದ ಸಿಯಾಟಲ್‌ನಲ್ಲಿ ಶೂ ರಿಪೇರಿ ಮಾಡಿಕೊಂಡಿದ್ದು, ಆಮೇಲೆ ಎಂಜಿನಿಯರ್ ಆಗಿ ಜನರಲ್ ಎಲೆಕ್ಟ್ರಿಕ್ ಸೇರಿದ. ಗಾಲ್ಫ್ ಕೋಲು ಹಿಡಿದಾಗ 40 ದಾಟಿತ್ತು. ತನ್ನ ಚೆಂಡು ಗುಂಡಿಗೆ ಹೋಗುತ್ತಿಲ್ಲ ಎಂಬ ಸಿಟ್ಟಿಗೆ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಾನೇ ಒಂದು ಪಟರ್ ಮಾಡಿದ. ತೂಕವನ್ನು ಎರಡು ತುದಿಗೆ ಹಾಕಿದ. ಚೆಂಡಿಗೆ ತಾಗಿದಾಗ ಬಂದ ಸದ್ದಿನಿಂದ ಅವನ ಕಂಪನಿಗೆ ಪಿಂಗ್ ಎಂದು ಹೆಸರಾಯಿತು. ಅದೇ ಲೆಕ್ಕವನ್ನು ಐರನ್‌ಗಳಿಗೂ ತಂದ. 1982ರಲ್ಲಿ ಬಂದ ಐ2 ಮನೆಮಾತಾಯಿತು. ಎಳವೆಯಿಂದ ಮೈದಾನದಲ್ಲೇ ಬೆಳೆದವನಿಗೆ ಈ ಯೋಚನೆ ಹೊಳೆಯುತ್ತಿತ್ತೋ ಇಲ್ಲವೋ ಎಂದು ನನಗೆ ಅನುಮಾನ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 'ನೈತಿಕ ಅದೃಷ್ಟ' ಎಂಬ ಚರ್ಚೆ ಎತ್ತಿದರು. ಇಬ್ಬರು ಒಂದೇ ತಪ್ಪು ಮಾಡಿರುತ್ತಾರೆ. ಒಬ್ಬನ ತಪ್ಪಿನಿಂದ ಅನಾಹುತವಾಗುತ್ತದೆ, ಇನ್ನೊಬ್ಬನದು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ. ನಾವು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ನಮ್ಮ ಕಡೆಯ ಮಕ್ಕಳ ಓದನ್ನು ನೋಡಿದರೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಪಿಯುಸಿಯಲ್ಲಿ ಒಂದು ವಿಷಯ ಹೋದರೆ ಕೆಲವರ ಮನೆಯಲ್ಲಿ ಟ್ಯೂಷನ್ ಇಟ್ಟು ಮತ್ತೆ ಬರೆಸುತ್ತಾರೆ. ಕೆಲವರ ಮನೆಯಲ್ಲಿ ಮಾರನೇ ವಾರಕ್ಕೆ ಗಾರ್ಮೆಂಟ್ಸ್ ಬಸ್ಸು. ತಪ್ಪಿದ್ದು ಇಬ್ಬರಿಗೂ ಅದೇ ಅರ್ಧ ಇಂಚು. ಹೀಗಿರುವಾಗ 'ಪೆಟ್ಟು ತಿಂದರೇ ಬುದ್ಧಿ' ಎನ್ನುವವರು ಪೆಟ್ಟು ತಿಂದ ಮೇಲೂ ಆಟದಲ್ಲಿ ಉಳಿದವರೇ ಆಗಿರುತ್ತಾರೆ. ಹೊರಗೆ ಹೋದವರು ಈ ಮಾತು ಹೇಳಲು ಬರುವುದಿಲ್ಲ.

ಹಾಗೆಂದು ಕ್ಷಮೆಯ ಪಕ್ಷವನ್ನು ಪೂರ್ತಿ ಹಿಡಿಯಲೂ ಆಗುತ್ತಿಲ್ಲ. ಸುದ್ದಿ ಮಂಕಾಗುತ್ತದೆ ಎಂಬ ದೂರು ನಿಜವೇ. ಪರಿಣಾಮ ಕಡಿಮೆಯಾಗಲಿ, ಸುದ್ದಿ ಮಾತ್ರ ಪೂರ್ತಿ ಬರಲಿ ಎಂದರೆ ಅಂಥ ಸಾಧನ ಉಂಟೇ? ನಮ್ಮಮ್ಮನ ತವರು ದೊಡ್ಡಬಳ್ಳಾಪುರ, ಮಾವನದು ನಾಲ್ಕು ಪವರ್‌ಲೂಮ್. ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುವ ಏರ್ಪಾಡು ಅದರಲ್ಲಿದೆ. ಸೀರೆ ಕೆಡುವುದಿಲ್ಲ, ನೇಯುವವರಿಗೆ ಪೆಟ್ಟಾಗುವುದಿಲ್ಲ, ಆದರೆ ಆ ದಡದಡ ಸದ್ದು ನಿಂತೊಡನೆ ಒಳಗೆ ಊಟಕ್ಕೆ ಕೂತ ಮಾವನಿಗೂ ತಿಳಿಯುತ್ತದೆ. ಚಿಕ್ಕಂದಿನಲ್ಲಿ ನನಗೆ ಅದೊಂದು ಮಾಯೆಯಂತೆ ಕಾಣುತ್ತಿತ್ತು. ಕೋಲುಗಳಲ್ಲಿ ಅಂಥದ್ದಿಲ್ಲ. ಅಲ್ಲಿ ಪೆಟ್ಟೂ ಸುದ್ದಿಯೂ ಒಂದೇ ಲೋಹದೊಳಗೆ ಬೆಸೆದುಕೊಂಡಿವೆ. ಒಂದನ್ನು ತಗ್ಗಿಸಿದರೆ ಇನ್ನೊಂದೂ ತಗ್ಗುತ್ತದೆ.

ಇನ್ನೊಂದು ವಿಷಯವನ್ನು ತಮ್ಮನೇ ಹೇಳಿದ್ದು. ಆಟ ಅಷ್ಟಕ್ಕಷ್ಟೆ ಇರುವ ಕೆಲವರು ಬ್ಲೇಡ್ ಇಟ್ಟುಕೊಳ್ಳುವುದು ಚೀಲ ನೋಡಿದವರು ಮೆಚ್ಚಲಿ ಅಂತ. ಹೊಡೆತ ತಪ್ಪಿದಾಗ ಅವರು ಕೋಲನ್ನು ಬೈಯುವುದಿಲ್ಲ, ತಮ್ಮನ್ನೂ ಬೈದುಕೊಳ್ಳುವುದಿಲ್ಲ. "ಏಳು ಕೊಡು ಅಂತ ಅವ್ರೇ ಇಸ್ಕಂಡಿರ್ತಾರೆ. ಚೆಂಡು ನೀರಿಗೆ ಹೋದ್ರೆ, ಆರು ಕೊಡಬೇಕಾಗಿತ್ತು ಕಣೋ, ಅಂತಾರೆ." ನಾನು ನಕ್ಕೆ. ಅವನೂ ನಕ್ಕ. ಕಬ್ಬಿಣ ಕ್ಷಮಿಸದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಕಠಿಣ ಸಾಧನವನ್ನು ಆರಿಸಿಕೊಳ್ಳುವವರು ಅದರ ಪೆಟ್ಟನ್ನೂ ತಾವೇ ತಿನ್ನುತ್ತಾರೆ ಎಂದು ನನ್ನ ವಾದದ ಉದ್ದಕ್ಕೂ ಹಿಡಿದಿದ್ದೆ. ಚೀಲ ಹೊತ್ತವನೊಬ್ಬ ಪಕ್ಕದಲ್ಲಿ ನಡೆಯುತ್ತಿರುವುದು ಲೆಕ್ಕಕ್ಕೆ ಬಂದಿರಲಿಲ್ಲ. ಅವನೇ ಜಗಲಿಯ ಮೇಲೆ ನನ್ನ ಎದುರಿಗೆ ಕೂತಿದ್ದ.

ಮೇ ತಿಂಗಳಲ್ಲಿ ಫೋನ್ ಮಾಡಿದಾಗ ನನ್ನ ತೀರ್ಮಾನ ಹೇಳಿದೆ. ಹೊಸದನ್ನು ತಗೋ, ಜೂನ್ ಮುಗಿಯಲಿ, ಬ್ಲೇಡನ್ನು ಆಮೇಲೆ ನೋಡಿಕೊಳ್ಳೋಣ. ದುಡ್ಡಿಗೆ ನನ್ನ ಫೆಲೋಶಿಪ್ ಬಂದರೆ ಐದು ಸಾವಿರ ಹಾಕುತ್ತೇನೆ ಅಂದೆ. ಅದು ಬರುವುದು ತಡ ಎಂದು ಅವನಿಗೂ ಗೊತ್ತು. ಅವನು ಆಗಲೇ ಚೀಟಿ ಎತ್ತಿ ತಂದಿದ್ದ. ಹಳೆಯ ಬ್ಲೇಡುಗಳನ್ನು ಇನ್ನೊಬ್ಬ ಕ್ಯಾಡಿಗೆ ಕೊಟ್ಟನಂತೆ, ಏಳನೆಯದನ್ನು ಮಾತ್ರ ಬಿಟ್ಟು.

"ಅದ್ಯಾಕೆ ಇಟ್ಕೊಂಡೆ?"

"ಸಂಜೆ ಹೊಲದಾಗೆ ಹೊಡಿಯಕ್ಕೆ. ಅಲ್ಲಿ ಎಷ್ಟು ತಪ್ಪು ಒಡುದ್ರೂ ಯಾರೂ ಲೆಕ್ಕ ಬರಿಯಲ್ಲ. ಕೈ ಜುಮ್ ಅಂದ್ರೆ ಅಂದ್ಕಳ್ಲಿ. ಮ್ಯಾಚ್‌ಗೆ ಹೊಸ ಸೆಟ್."

ಜೂನ್‌ನ ಪಂದ್ಯದಲ್ಲಿ ಅವನು ಮೂರನೆಯವನಾದ. ಕೋಚ್ ಸಿಕ್ಕಿದ್ದು ಮೊದಲಿಬ್ಬರಿಗೆ. ಆ ಮೂರನೇ ಸ್ಥಾನಕ್ಕೆ ಯಾವ ಕೋಲು ಕಾರಣ ಎಂದು ಹೇಳುವುದು ನನ್ನಿಂದಾಗದು. ಅವನು ಅದನ್ನು ಕೇಳಲೂ ಇಲ್ಲ. ಈಗಲೂ ಸಂಜೆ ಹೊತ್ತು ರಾಗಿ ಹೊಲದ ಬದುವಿನಾಚೆ ಹೊಡೆಯುತ್ತಾನೆ. ತಪ್ಪಿದ ಹೊಡೆತದ ಕಟ್ ಎನ್ನುವ ಸದ್ದು ಮನೆಯ ತನಕ ಕೇಳಿಸುತ್ತದಂತೆ. ಒಂದೇ ನಂಬರಿನ ಕೋಲು ಎರಡು ಯಾಕೆ, ಒಂದನ್ನು ಮಾರಿದರೆ ಚೀಟಿಯ ಒಂದು ಕಂತಾದರೂ ಆಗುತ್ತದಲ್ಲ ಎಂದು ಚಿಕ್ಕಪ್ಪ ಹೋದಾಗಲೆಲ್ಲ ನನ್ನನ್ನೇ ಕೇಳುತ್ತಾರೆ.