ಕಷಾಯತ್ಯಾಗವೂ ಹೃದಯರಕ್ಷಣೆಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶ್ರಾವಕ-ಶ್ರಾವಿಕೆಯರು ದಶಲಕ್ಷಣ ಪರ್ವವನ್ನು ಏಕಭುಕ್ತ, ಉಪವಾಸಗಳಿಂದ ಆಚರಿಸುತ್ತಾರೆ. ಹತ್ತು ಧರ್ಮಗಳಲ್ಲಿ ಉತ್ತಮ ಕ್ಷಮೆ ಮೊದಲನೆಯದು. ಉತ್ತಮ ತಪಸ್ಸು ಏಳನೆಯದು. ಈ ಕ್ರಮವು ಮನನೀಯವಾಗಿದೆ.

ಅನ್ನವನ್ನು ತ್ಯಜಿಸಿ ಕ್ರೋಧವನ್ನು ಉಳಿಸಿಕೊಂಡವನ ಹೊಟ್ಟೆಗೆ ಉಪವಾಸವಾಯಿತೇ ಹೊರತು ಹೃದಯಕ್ಕೆ ವಿಶ್ರಾಂತಿ ದೊರೆಯಲಿಲ್ಲ. ಕೋಪ, ಭಯಗಳು ಕೆರಳಿದಾಗ ಅಡ್ರಿನಲಿನ್ ಮೊದಲಾದ ಸ್ರಾವಗಳು ರಕ್ತವನ್ನು ಸೇರುತ್ತವೆ. ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ತಂಬಾಕು, ಮಧುಮೇಹಗಳ ಸಾಲಿನಲ್ಲಿಯೇ ಮಾನಸಿಕ ಒತ್ತಡವನ್ನೂ ಎಣಿಸಿತು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿವರಿಸಿದ್ದಾರೆ: ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ. ಗದಗಿನ ಪೇಟೆಯಲ್ಲಿ ದರ ಕುಸಿದಾಗ ವ್ಯಾಪಾರಿ ಪಡುವ ಚಿಂತೆ, ಮುಂಡರಗಿಯ ಎರೆನೆಲದಲ್ಲಿ ಮಳೆ ತಪ್ಪಿದಾಗ ರೈತನನ್ನು ಕಾಡುವ ಸಾಲದ ಭಯ, ಪತಿಯನ್ನು ಕಳೆದುಕೊಂಡ ಶ್ರಾವಿಕೆಯ ಶೋಕ, ಇವೆಲ್ಲ ಅದರ ರೂಪಗಳೇ. ಇಷ್ಟವಿಯೋಗದ ಆಘಾತದಿಂದ, ರಕ್ತನಾಳದಲ್ಲಿ ತಡೆ ಇಲ್ಲದೆಯೂ ಹೃದಯದ ಸ್ನಾಯು ಹಠಾತ್ತನೆ ದುರ್ಬಲವಾಗಬಲ್ಲುದೆಂದು ವೈದ್ಯರು ಬಲ್ಲರು. ಜಪಾನಿನ ವೈದ್ಯರು ಆ ಸ್ಥಿತಿಗೆ ‘ತಾಕೋತ್ಸುಬೊ’ ಎಂದು ಹೆಸರಿಟ್ಟರು.

ಹೃದಯಾಘಾತದಿಂದ ಉಳಿದವನನ್ನೂ ಖಿನ್ನತೆ ಬಿಡದು. ಅವನು ಔಷಧವನ್ನು ಮರೆಯುತ್ತಾನೆ, ನಡಿಗೆಯನ್ನು ಬಿಡುತ್ತಾನೆ, ಅಪಾಯ ಇಮ್ಮಡಿಸುತ್ತದೆ. ಇದನ್ನು ಶ್ರದ್ಧೆಯ ಕೊರತೆಯೆಂದು ಹಳಿಯುವುದು ಅಧರ್ಮ. ಅದೊಂದು ವ್ಯಾಧಿ, ಅದಕ್ಕೆ ಚಿಕಿತ್ಸೆಯುಂಟು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ಧರ್ಮವು ಔಷಧಸೇವನೆಯನ್ನು ದೋಷವೆಂದೀತೇ? ದುಃಖಿತನ ಬಳಿ ಕುಳಿತು ಅವನ ಮಾತನ್ನು ಆಲಿಸುವುದು ಅಭಯದಾನಕ್ಕೆ ಸಮಾನ. ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಉಚಿತ ಸಲಹೆಯೂ ದೊರೆಯುತ್ತದೆ.

ಷೋಡಶಕಾರಣ ಭಾವನೆಗಳಲ್ಲಿ ಒಂದರ ಹೆಸರೇ ಶಕ್ತಿತಸ್ತಪ, ಶಕ್ತಿಯಿದ್ದಷ್ಟು ತಪಸ್ಸು. ಆದುದರಿಂದ ಹೃದ್ರೋಗಿಯು ವೈದ್ಯರನ್ನು ಕೇಳಿಯೇ ವ್ರತವನ್ನು ಸ್ವೀಕರಿಸಲಿ. ಔಷಧ ತಪ್ಪುವ ಉಪವಾಸಕ್ಕೆ ಬದಲಾಗಿ ರಸತ್ಯಾಗವನ್ನು ಆರಿಸಿಕೊಳ್ಳಲಿ. ವ್ರತದ ದಿನ ಎದೆನೋವು ಬಂದರೆ ಪಾರಣೆಯವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಲಿ. ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಹೋದ ಪ್ರಾಣಕ್ಕೆ ಇಲ್ಲ.

ಲಕ್ಷ್ಮೇಶ್ವರದ ಶಂಖಬಸದಿಯಲ್ಲಾಗಲಿ, ಮನೆಯ ಮೂಲೆಯಲ್ಲಾಗಲಿ, ದಿನಕ್ಕೆ 48 ನಿಮಿಷಗಳ ಸಾಮಾಯಿಕವನ್ನು ರೋಗಿಯೂ ಮಾಡಬಲ್ಲನು. ಕ್ಷಮಾವಣಿಯ ದಿನ ಅಣ್ಣತಮ್ಮಂದಿರು ಹಳೆಯ ಆಸ್ತಿವ್ಯಾಜ್ಯವನ್ನು ಮನಸ್ಸಿನಿಂದ ಇಳಿಸಿದರೆ ಅದೇ ಹೃದಯಕ್ಕೆ ನಿಜವಾದ ಪಾರಣೆ.