ಮೂಳೆಯನ್ನು ಸೇರುವ ವಸ್ತುವಿನ ಮೂಲ

ಒಬ್ಬರ ದೇಹದೊಳಗೆ ಇನ್ನೊಬ್ಬರು ಒಂದು ವಸ್ತುವನ್ನು ಇರಿಸುವಾಗ ಅದು ಗುಣಕಾರಿಯೇ ಎಂದು ಕೇಳಿದರಷ್ಟೇ ಸಾಲದು. ಅದು ಎಲ್ಲಿಂದ ಬಂದಿತೆಂಬುದೂ ಧರ್ಮದ ಪ್ರಶ್ನೆಯೇ. ಶಿರಾ ತಾಲ್ಲೂಕಿನ ಗೌಡಗೆರೆಯ ಸೀಮೆಗೆ ಈ ಮಾತು ಅಪರಿಚಿತವಲ್ಲ. ಶಿರಾ, ಮಧುಗಿರಿ, ಪಾವಗಡಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕುಡಿದವರು ತಿಳಿದು ಕುಡಿದವರಲ್ಲ. ಅವರ ಅರಿವಿಗೆ ಬಾರದೆಯೇ ಅದು ಅವರ ಅಸ್ಥಿಯನ್ನು ಸೇರಿತು.

ಮುರಿದ ಸೊಂಟಕ್ಕೂ ಸವೆದ ಕೀಲಿಗೂ ಇಂದು ಲೋಹದ ಆಸರೆಯುಂಟು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯಲ್ಲಿರಿಸಿದ ಟೈಟೇನಿಯಂ ಮೂಳೆಯೊಡನೆ ಬೆಸೆದುಕೊಂಡಿದ್ದನ್ನು ಕಂಡರು. 1965ರಲ್ಲಿ ಅದು ಮನುಷ್ಯನ ದವಡೆಗೆ ಬಂದಿತು. ಈ ಬೆಸುಗೆ ಬೇಗ ಆಗಲೆಂದು 1980ರ ದಶಕದ ನಡುವಿನಿಂದ ಸೊಂಟದ ಕೃತಕ ಕೀಲಿಗೆ ಹೈಡ್ರಾಕ್ಸಿ ಅಪಟೈಟ್ ಎಂಬ ಪಿಂಗಾಣಿ ಜಾತಿಯ ತೆಳುಲೇಪವನ್ನು ಕೊಡಲಾಗುತ್ತಿದೆ. ಮೂಳೆಗೆ ಗಟ್ಟಿತನ ಕೊಡುವ ಖನಿಜವೂ ಇದೇ ಕುಲದ ಕ್ಯಾಲ್ಸಿಯಂ ಫಾಸ್ಫೇಟ್. ಲೇಪವು ಮೆಲ್ಲಮೆಲ್ಲನೆ ಕರಗುತ್ತಿರುವಾಗ ಅದರ ಎಡೆಯಲ್ಲಿ ಹೊಸ ಮೂಳೆ ಬೆಳೆದು ಲೋಹವನ್ನು ಅಪ್ಪಿಕೊಳ್ಳುತ್ತದೆ.

ಲೋಹದ ಮೇಲಿನ ಈ ಲೇಪವನ್ನು ಸಾಮಾನ್ಯವಾಗಿ ರಾಸಾಯನಿಕಗಳಿಂದಲೇ ತಯಾರಿಸುತ್ತಾರೆ. ಆದರೆ ದಂತಚಿಕಿತ್ಸೆಯಲ್ಲಿ ದವಡೆಯ ಕುಳಿಯನ್ನು ತುಂಬಲು ಬಳಸುವ ಪುಡಿಗಳಲ್ಲಿ ದನದ ಮೂಳೆಯಿಂದ ತೆಗೆದವೂ ಇವೆ. ಸಂಸ್ಕರಿಸಿದ ಮೇಲೆ ಅಲ್ಲಿ ಉಳಿಯುವುದು ಹೆಚ್ಚುಕಡಿಮೆ ಅದೇ ಖನಿಜ. ಹಾಗಾದರೆ ಭೇದವೆಲ್ಲಿ ಎಂದು ವಿಚಾರವಂತರು ಕೇಳಬಹುದು. ಭೇದವಿರುವುದು ಪುಡಿಯಲ್ಲಲ್ಲ, ಅದು ಬಂದ ದಾರಿಯಲ್ಲಿ. ಒಂದರ ಹಿಂದೆ ಒಂದು ಜೀವದ ವಧೆಯಿದೆ, ಮತ್ತೊಂದರ ಹಿಂದೆ ಇಲ್ಲ.

ಹಿಂಸೆಯನ್ನು ಜೈನಾಚಾರ್ಯರು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ರೋಗಿ ಪ್ರಾಣಿಯನ್ನು ಕೊಂದವನಲ್ಲ, ಕೊಲ್ಲಿಸಿದವನೂ ಅಲ್ಲ. ಉಳಿದದ್ದು ಅನುಮೋದನೆ. ಅರಿಯದವನು ಒಪ್ಪಲೂ ಆರ, ನಿರಾಕರಿಸಲೂ ಆರ. ಆದಕಾರಣ ಇಲ್ಲಿ ದೋಷದ ಭಾರ ತಿಳಿದೂ ತಿಳಿಸದವನ ಪ್ರಮಾದದ ಮೇಲೆ ಬೀಳುತ್ತದೆ. ನೋವಿನಲ್ಲಿರುವವನಿಗೆ ಇನ್ನೊಂದು ಚಿಂತೆ ಏಕೆ ಎಂಬ ಕರುಣೆಯ ಮಾತು ಕೇಳಲು ಹಿತ. ಆದರೆ ಅದು ಅವನ ವ್ರತವನ್ನು ಅವನ ಕೈಯಿಂದ ಕಸಿಯುವ ಕರುಣೆ.

ಕೃತಕ ಲೇಪವೂ ಪೂರ್ಣ ನಿರ್ದೋಷಿಯಲ್ಲ. ಅದರ ಪರೀಕ್ಷೆಗೂ ಪ್ರಾಣಿಗಳು ಬಲಿಯಾಗಿವೆ. ಆಗಿಹೋದ ಹಿಂಸೆಯನ್ನು ಯಾರೂ ಮರಳಿ ತೊಡೆಯಲಾರರು. ಆಯ್ಕೆ ಇನ್ನೂ ತೆರೆದಿರುವೆಡೆ ಎಚ್ಚರ ತಪ್ಪದಿರುವುದೇ ಶ್ರಾವಕನಿಗೆ ಸಾಧ್ಯವಾದ ಅಹಿಂಸೆ. ಹಾಗೆಯೇ ತನ್ನ ವ್ರತವನ್ನು ವೃದ್ಧ ತಂದೆತಾಯಿಯರ ನೋವಿನ ಮೇಲೆ ಹೇರುವ ಹಕ್ಕು ಮಕ್ಕಳಿಗಿಲ್ಲ. ಬೇರೆ ಉಪಾಯವೇ ಇಲ್ಲದಿದ್ದಾಗಲೂ ನಿರ್ಧಾರ ರೋಗಿಯದೇ.

ಗೌಡಗೆರೆಯಿಂದ ತುಮಕೂರಿಗೋ ಬೆಂಗಳೂರಿಗೋ ಚಿಕಿತ್ಸೆಗೆ ಹೋಗುವ ರೈತ ಹೈಡ್ರಾಕ್ಸಿ ಅಪಟೈಟ್ ಎಂಬ ಹೆಸರನ್ನು ಅರಿತಿರಬೇಕಿಲ್ಲ. "ಇದು ಯಾವುದರಿಂದ ಮಾಡಿದ್ದು, ಸ್ವಾಮಿ?" ಎಂಬಷ್ಟು ಕೇಳಿದರೆ ಸಾಕು. ಅವನು ಕೇಳುವ ಮೊದಲೇ ಹೇಳುವುದು ವೈದ್ಯನ ಧರ್ಮ.